ಅತ್ತೆಗೆ ಕೊಡದ ನೀರಿನ ಮಾತ್ರೆ

ನಿನ್ನ ಅವ್ವನನ್ನು ಕೊಂದದ್ದು ನಿನ್ನ ಉಪ್ಪಿನಕಾಯಿಯಲ್ಲ, ನಾಗು. ನಾನು. ದಿನವೂ ತಪ್ಪದೆ ಕೊಡಿ ಎಂದು ಡಾಕ್ಟರು ಹೇಳಿದ್ದ ನೀರಿನ ಮಾತ್ರೆಯನ್ನು ನಾನು ನಿಲ್ಲಿಸಿಬಿಟ್ಟಿದ್ದೆ — ಬೇಕೆಂದೇ ನಿಲ್ಲಿಸಿದ್ದೆ. ಮರೆತುಹೋಗಿತ್ತು ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಕಡೂರಿನ ಈ ಮನೆಯ ಒಲೆಯ ಮುಂದೆ ಕೂತು ಈ ಮಾತನ್ನು ಎಷ್ಟು ಸಲ ಬಾಯೊಳಗೇ ಹೇಳಿಕೊಂಡಿದ್ದೇನೋ. ನೀನಿರುವುದು ಅಜ್ಜಂಪುರದಲ್ಲಿ. ಬೆಳಿಗ್ಗೆ ರೈಲು ಹತ್ತಿದರೆ ತಿಂಡಿಯ ಹೊತ್ತಿಗೇ ಬಂದು ಸೇರಬಹುದಾದ ದೂರ. ಅಷ್ಟು ದೂರ ಬರಲು ನನಗೆ ಹತ್ತು ವರ್ಷದಿಂದ ಧೈರ್ಯ ಬಂದಿಲ್ಲ.

ಅತ್ತೆಯ ಹೃದಯ ಸೋತಿದೆ ಎಂದು ಗೊತ್ತಾದಾಗ ಡಾಕ್ಟರು ನಿಮ್ಮಣ್ಣನಿಗೆ ಹೇಳದೆ ನನ್ನನ್ನೇ ಕೂರಿಸಿಕೊಂಡು ಹೇಳಿದ್ದರು. ಎಸ್ಸೆಸ್ಸೆಲ್ಸಿ ಓದಿದವಳು, ಅರ್ಥ ಮಾಡಿಕೊಳ್ಳುತ್ತಾಳೆ ಎಂಬ ನಂಬಿಕೆ ಅವರಿಗೆ. "ನೋಡಮ್ಮಾ, ಕಿಡ್ನಿ ರಕ್ತ ಸೋಸಿದ ಮೇಲೆ ಉಪ್ಪು, ನೀರನ್ನ ಬಹುಪಾಲು ಮತ್ತೆ ಒಳಕ್ಕೇ ಎಳ್ಕೊಳ್ಳುತ್ತೆ. ಈ ಮಾತ್ರೆ ಹಾಗೆ ಎಳ್ಕೊಳ್ಳೋದನ್ನ ತಡೆಯುತ್ತೆ. ಉಪ್ಪು ಹೊರಗೆ ಹೋದ್ರೆ ಅದರ ಹಿಂದೇನೇ ನೀರೂ ಹೋಗುತ್ತೆ. ನಿಲ್ಲಿಸಿದ್ರೋ, ಆ ನೀರು ಮೊದಲು ಕಾಲಲ್ಲಿ ನಿಲ್ಲುತ್ತೆ, ಆಮೇಲೆ ಶ್ವಾಸಕೋಶಕ್ಕೆ ಬರುತ್ತೆ." ಊಟದಲ್ಲಿ ಉಪ್ಪು ಕಡಿಮೆ ಮಾಡಲು ಹೇಳಿದರು. ಮಾತ್ರೆ ದೇಹದ ಪೊಟ್ಯಾಸಿಯಂ ಎಂಬ ಸತ್ವವನ್ನೂ ಸ್ವಲ್ಪ ಎಳೆದುಕೊಂಡು ಹೋಗುತ್ತದೆ, ಬಾಳೆಹಣ್ಣು ಕೊಡಿ ಎಂದರು. ಎಲ್ಲವನ್ನೂ ಕೇಳಿಸಿಕೊಂಡೆ. ಎಲ್ಲವೂ ಅರ್ಥವಾಗಿತ್ತು. ಗೊತ್ತಿಲ್ಲದೆ ಮಾಡಿದೆ ಎನ್ನಲು ಅವರು ನನಗೆ ದಾರಿ ಬಿಟ್ಟಿರಲಿಲ್ಲ.

ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ಅತ್ತೆಗೆ ಒಂದಕ್ಕೆ ಅವಸರ ಶುರುವಾಗುತ್ತಿತ್ತು. ಹಿತ್ತಲ ಬಚ್ಚಲಿಗೆ ನಡೆಸಿಕೊಂಡು ಹೋಗಬೇಕು, ಕೂರಿಸಬೇಕು, ಎಬ್ಬಿಸಬೇಕು. ಬಂದು ಮಲಗಿಸಿದರೆ ಮತ್ತೆ ಕರೆ. ಒಮ್ಮೊಮ್ಮೆ ಅಷ್ಟು ದೂರ ಹೋಗುವುದರೊಳಗೇ ಆಗಿಬಿಡುತ್ತಿತ್ತು. ಆಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ನಾನು ಬಯ್ಯುತ್ತಿರಲಿಲ್ಲ ನಿಜ — ಆದರೆ ಬಕೀಟನ್ನು ಕುಕ್ಕುತ್ತಿದ್ದೆ. ಬಯ್ಗುಳಕ್ಕಿಂತ ಅದು ಹೆಚ್ಚು ಕೇಳಿಸುತ್ತಿತ್ತೇನೋ.

ಆ ಬೇಸಿಗೆಯಲ್ಲಿ ತರೀಕೆರೆಯಲ್ಲಿ ನನ್ನ ತಂಗಿಯ ಮದುವೆ. ತಾನೂ ಬರಲೇಬೇಕೆಂದು ಅತ್ತೆ ಹಠ ಹಿಡಿದರು. ಬಸ್ಸಿನಲ್ಲಿ, ಛತ್ರದಲ್ಲಿ, ಬೀಗರ ಮುಂದೆ ಅವರ ಸೀರೆ ಒದ್ದೆಯಾದರೆ ಎಂದು ನೆನೆದೇ ನನಗೆ ಮೈ ಬೆವರಿತು. ಹೊರಡುವ ದಿನ ಮಾತ್ರೆ ಕೊಡಲಿಲ್ಲ.

"ಇವತ್ತು ಬಿಳೀ ಮಾತ್ರೆ ಕೊಡ್ಲಿಲ್ವಲ್ಲೇ?" ಅತ್ತೆ ಕೇಳಿದರು.

"ಡಾಕ್ಟರೇ ನಿಲ್ಸೋಕೆ ಹೇಳಿದಾರೆ ಅತ್ತೆ. ಇನ್ನು ಬೇಕಾಗಿಲ್ಲವಂತೆ."

ಅವರ ಮುಖ ಅರಳಿತು. ತಮಗೆ ವಾಸಿಯಾಯಿತು ಎಂದು ಮದುವೆಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಇಷ್ಟಕ್ಕೇ ಮುಗಿದಿದ್ದರೆ — ಮದುವೆಯ ಗಡಿಬಿಡಿ, ಮಾನದ ಹೆದರಿಕೆ ಎಂದು ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಮದುವೆ ಮುಗಿಸಿ ಕಡೂರಿಗೆ ಬಂದ ಮೇಲೂ ನಾನು ಮಾತ್ರೆ ಕೊಡಲಿಲ್ಲ. ಯಾಕೆಂದರೆ ನಾಗು, ಆ ದಿನಗಳು ಹಾಯಾಗಿದ್ದವು. ಯಾರೂ ಕೂಗುತ್ತಿರಲಿಲ್ಲ. ಅನ್ನ ಬಸಿದು ಕೂತು ಒಂದು ಲೋಟ ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿದೆ. ಎಷ್ಟೋ ಕಾಲದ ಮೇಲೆ. ನಾಳೆಯಿಂದ ಕೊಡೋಣ ಎಂದು ಪ್ರತಿದಿನ ಅಂದುಕೊಳ್ಳುತ್ತಿದ್ದೆ. ಅವರ ಪಾದ ಊದಿದ್ದು ಕಾಣಿಸುತ್ತಿತ್ತು. ಕಂಡು, ಸೀರೆಯ ಅಂಚನ್ನು ಕೆಳಗೆ ಎಳೆದು ಮುಚ್ಚುತ್ತಿದ್ದೆ. ಮುಖವೂ ತುಂಬಿಕೊಂಡಿತು. ನಿಮ್ಮಣ್ಣ ನಕ್ಕು, "ಮದುವೆ ಊಟ ಹಿಡಿದೈತೆ ಕಣವ್ವ, ಮೈಕೈ ತುಂಬ್ಕೊಂಡಿದೀಯ" ಎಂದರು. ನಾನೂ ನಕ್ಕೆ.

ಆಗ ನೀನು ಬಂದೆ, ಮಿಡಿ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು. ಉಪ್ಪಿಲ್ಲದ ಸಾರು ತಿಂದು ನಾಲಿಗೆ ಸತ್ತುಹೋಗಿದೆ ಎಂದು ಅತ್ತೆ ಮಗುವಿನ ಹಾಗೆ ಬೇಡಿದರು. "ಒಂದ್ ಚೂರು ಕೊಡ್ಲಾ ಅತ್ತಿಗೆ?" ಎಂದು ನನ್ನನ್ನು ಕೇಳಿದೆ. "ಕೊಡು, ಏನಾಗಲ್ಲ" ಎಂದವಳು ನಾನೇ. ನೆನಪಿದೆಯಾ ನಿನಗೆ? ಆಮೇಲೆ ಅಷ್ಟು ಜನ ಬಯ್ಯುವಾಗಲೂ ನೀನು ಈ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಗೆ ಉಸಿರು ಸಿಗಲಿಲ್ಲ. ಮಲಗಲಾರರು, ದಿಂಬಿಗೆ ಒರಗಿ ಕೂತು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ಡಾಕ್ಟರು ಬಂದು ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ಕಾಲನ್ನು ಒತ್ತಿದರು, ಬೆರಳು ಇಳಿದ ಗುಳಿ ಹಾಗೇ ನಿಂತಿತು. ತಲೆಯೆತ್ತಿ ನನ್ನನ್ನೇ ನೋಡಿದರು.

"ನೀರಿನ ಮಾತ್ರೆ ದಿನಾ ಕೊಡ್ತಿದೀರಾ?"

"ಕೊಡ್ತಿದೀನಿ ಸಾರ್."

ನಿಮ್ಮಣ್ಣ ಪಕ್ಕದಲ್ಲೇ ನಿಂತಿದ್ದರು, ನೀನು ಬಾಗಿಲಲ್ಲಿದ್ದೆ. ಅದಕ್ಕೇ ಹಾಗೆಂದೆನೋ — ಅಥವಾ ಒಂಟಿಯಾಗಿ ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆನೋ —

"ಮಾತ್ರೆ ತಗೊಂಡೂ ಇಷ್ಟು ನೀರು ನಿಂತಿದೆ ಅಂದ್ರೆ ಕಿಡ್ನಿ ಔಷಧಿಗೆ ಬಗ್ತಾ ಇಲ್ಲ" ಎಂದರು ಡಾಕ್ಟರು. "ಇಂಜೆಕ್ಷನ್ ಕೊಡ್ತೀನಿ, ಆದ್ರೆ ನನಗೆ ನಂಬಿಕೆ ಇಲ್ಲ. ಇಲ್ಲಿಟ್ಕೊಂಡು ಕೂರೋದು ಬೇಡ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ." ಹೊರಡುವಾಗ, "ಏನಾದ್ರೂ ಉಪ್ಪಿನ ಪದಾರ್ಥ ತಿಂದಿದ್ರಾ?" ಎಂದರು. ನೀನು ಅಳುತ್ತಾ ಉಪ್ಪಿನಕಾಯಿಯ ವಿಷಯ ಹೇಳಿದೆ. ಡಾಕ್ಟರು ಕೇಳಿದ್ದಕ್ಕೆ ನೀನು ನಿಜ ಹೇಳಿದೆ, ನಾಗು. ನಾನು ಹೇಳಲಿಲ್ಲ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಅಷ್ಟೇ.

ಬಾಡಿಗೆ ಕಾರಿನಲ್ಲಿ ಅತ್ತೆ ನನ್ನ ಹೆಗಲಿಗೆ ಒರಗಿದ್ದರು. ನಿಮ್ಮಣ್ಣ ಮುಂದಿನ ಸೀಟಿನಲ್ಲಿ. ನಿನ್ನನ್ನು ಅವರು ಹತ್ತಿಸಿಕೊಂಡಿರಲಿಲ್ಲ. ಬೀರೂರು ದಾಟಿದ ಮೇಲೆ ನನ್ನ ತೊಡೆಗೆ ಬೆಚ್ಚಗೆ ತಾಕಿತು. ಇಂಜೆಕ್ಷನ್ ಕೆಲಸ ಮಾಡುತ್ತಿತ್ತು. ಅವರ ಸೀರೆ, ನನ್ನ ಸೀರೆ, ಸೀಟು — ಎಲ್ಲ ಒದ್ದೆ. ಬಗ್ಗುತ್ತಿಲ್ಲ ಎಂದ ಕಿಡ್ನಿ ಔಷಧಿ ಸಿಕ್ಕಿದ ಕೂಡಲೇ ಬಗ್ಗಿತ್ತು. ಅದು ಕಾದದ್ದು ಔಷಧಿಗಾಗಿ, ಅಷ್ಟೇ. ನಾನು ನಿಜ ಹೇಳಿದ್ದರೆ ಡಾಕ್ಟರು ನಂಬಿಕೆಯಿಂದ ಇನ್ನೊಂದು ಇಂಜೆಕ್ಷನ್ ಕೊಟ್ಟು, ಅಲ್ಲೇ ಮಂಚದ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು. ಆ ಗುಂಡಿಬಿದ್ದ ರಸ್ತೆಯಲ್ಲಿ ಆ ಜೀವವನ್ನು ಕುಲುಕಿಕೊಂಡು ಹೋಗುವ ಅಗತ್ಯವೇ ಇರಲಿಲ್ಲ.

"ಒದ್ದೆ ಮಾಡ್ಬಿಟ್ಟೆ ಕಣೇ" ಎಂದರು ಅತ್ತೆ. ಉಸಿರಿಲ್ಲದ ಆ ಬಾಯಲ್ಲಿ. "ಬೇಜಾರ್ ಮಾಡ್ಕೋಬೇಡ."

ಅದೇ ಅವರ ಕೊನೆಯ ಮಾತು. ಅದು ನಿಮ್ಮಣ್ಣನಿಗೆ ಕೇಳಿಸಲಿಲ್ಲ. ತರೀಕೆರೆ ಸೇರುವ ಮೊದಲೇ ಅವರ ತಲೆ ನನ್ನ ಎದೆಯ ಮೇಲೆ ಭಾರವಾಯಿತು.

ಮಣ್ಣು ಮಾಡಿ ಬಂದ ಸಂಜೆ ನಿಮ್ಮಣ್ಣ ನೆಂಟರೆಲ್ಲರ ಎದುರಿಗೆ ನಿನಗೆ ಹೇಳಿದರು: "ಅವ್ವನ್ನ ತಿಂದ್ಕೊಂಡೆ. ಇನ್ನು ಈ ಹೊಸ್ಲು ತುಳೀಬೇಡ." ನೀನು ನನ್ನತ್ತ ನೋಡಿದೆ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅಳುತ್ತಿದ್ದಾಳೆ ಎಂದುಕೊಂಡರು ಎಲ್ಲರೂ.

ಆಮೇಲೆ ನಿನಗೆ ತವರಿಲ್ಲವಾಯಿತು. ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ, ನಿನ್ನ ಮಗಳ ನಾಮಕರಣಕ್ಕೆ ಸೋದರಮಾವ ಬರಲಿಲ್ಲ. ನಿನ್ನ ಹೆಸರೆತ್ತಿದರೆ ನಿಮ್ಮಣ್ಣ ತಟ್ಟೆ ಬಿಟ್ಟು ಏಳುತ್ತಿದ್ದರು. ಹೋದ ವರ್ಷ ಅವರೂ ಹೋದರು, ನಿನ್ನ ಮೇಲಿನ ಆ ಸಿಟ್ಟನ್ನು ಜೊತೆಗೇ ಹೊತ್ತುಕೊಂಡು. ಕಾಯಿಲೆ ಮಲಗಿದ್ದಾಗ ಒಂದು ಮಧ್ಯಾಹ್ನ, "ನಾಗು ಹೇಗಿದಾಳೋ" ಎಂದಿದ್ದರು. ಗೋಡೆಯ ಕಡೆ ತಿರುಗಿ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅವರಿಂದ ನಿನಗೆ ಸಿಗಬೇಕಾಗಿದ್ದ ಒಂದು ಮಾತು ಇನ್ನು ಎಂದೂ ಸಿಗದ ಹಾಗೆ ಮಾಡಿದವಳೂ ನಾನೇ.

ನಿನ್ನೆ ನನ್ನ ಮಗನಿಗೆ ಎಲ್ಲವನ್ನೂ ಹೇಳಿದೆ. ಅವನು ಊಟ ಬಿಟ್ಟು ಎದ್ದು ಹೋದ, ಇನ್ನೂ ನನ್ನೊಡನೆ ಮಾತಾಡಿಲ್ಲ. ಮಾತಾಡದಿದ್ದರೂ ಸರಿಯೇ. ಸೋಮವಾರದ ರೈಲಿಗೆ ನಾನು ಅಜ್ಜಂಪುರಕ್ಕೆ ಬರುತ್ತೇನೆ. ನೀನು ಒಳಗೆ ಕರೆಯುವುದು ಬೇಡ. ನಿನ್ನ ಗಂಡ, ಮಕ್ಕಳು, ಅಕ್ಕಪಕ್ಕದವರು ಕೇಳುವ ಹಾಗೆ ನಿನ್ನ ಮನೆಯ ಮುಂದೆ ನಿಂತು ಹೇಳುತ್ತೇನೆ. ಆಮೇಲೆ ನೀನು ಏನೆಂದರೂ ಕೇಳಿಸಿಕೊಂಡು, ನಿಂತೇ ಇರುತ್ತೇನೆ.