ಗಡ್ಡದವರ ಹಾಡಿಗೆ ನಾನು ಹಾಕಿದ ತಾಳ

ನಾನು ಹಾಡಿದರೆ ಪಕ್ಕದಲ್ಲಿ ಕೂತವರು ಕೆಮ್ಮಲು ಶುರುಮಾಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಾನು ಸಂಗೀತದ ವಿಷಯ ದೊಡ್ಡದಾಗಿ ಮಾತಾಡುವವಳಿದ್ದೇನೆ, ಅದೂ ಇಂಗ್ಲಿಷ್ ಸಂಗೀತದ ವಿಷಯ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕಿಗೆ ಅದರ ಗೊಡವೆ ಯಾಕೆ ಎಂದು ನೀವು ಕೇಳಬಹುದು. ನಾನಾಗಿ ಹೋಗಲಿಲ್ಲ, ನನ್ನನ್ನು ಜಡ್ಜಿ ಮಾಡಿ ಕೂರಿಸಿದರು. ಕೂರಿಸಿದ ಮೇಲೆ ಸುಮ್ಮನೆ ಏಳುವ ಜಾತಿ ನನ್ನದಲ್ಲ.

ಮೈಲಾಪೂರಿನಲ್ಲಿ ಕನ್ನಡ ಹೆಂಗಸರದೊಂದು ಭಜನಾ ಮಂಡಳಿ ಇದೆ. ನಂಜನಗೂಡಿನ ಕಡೆಯಿಂದ ಮದುವೆಯಾಗಿ ಮದರಾಸಿಗೆ ಬಂದ ಹೊಸದರಲ್ಲಿ ನಾನು ಅಲ್ಲಿಗೆ ಸೇರಿದೆ. ಮಂಡಳಿಯ ಹಿರಿಯರಾದ ಸೀತಮ್ಮನವರು ನನ್ನ ಬಾಯಿಂದ ಒಂದೇ ಸಾಲು ಕೇಳಿದರು. ಕೇಳಿ, ತಮ್ಮ ಕೈಯಲ್ಲಿದ್ದ ಕಂಚಿನ ತಾಳದ ಜೋಡಿಯನ್ನು ನನ್ನ ಕೈಗಿಟ್ಟು, "ನೀನು ಇದನ್ನ ನೋಡ್ಕೊಮ್ಮ, ಹಾಡೋದನ್ನ ನಾವು ನೋಡ್ಕೋತೀವಿ" ಎಂದರು. ಅವತ್ತಿನಿಂದ ನಲವತ್ತೈದು ವರ್ಷ ಅದನ್ನೇ ನೋಡಿಕೊಂಡು ಬಂದಿದ್ದೇನೆ. ಹಾಡಿದವರಿಗೆ ನವರಾತ್ರಿಯಲ್ಲಿ ಶಾಲು ಹೊದಿಸುತ್ತಾರೆ. ತಾಳ ಹಾಕಿದವಳಿಗೆ ಕಡಲೆ ಉಸಲಿ ತೋರಿಸಿ, "ಸುಂಡಲ್ ತಗೊಂಡ್ರಾ?" ಎಂದು ಕೇಳುತ್ತಾರೆ.

ಸೀತಮ್ಮನವರು ತಾಳದವರಿಗೆ ಒಂದು ಪರೀಕ್ಷೆ ಇಟ್ಟಿದ್ದರು. ಹಾಡುತ್ತಾ ಹಾಡುತ್ತಾ ತಟ್ಟನೆ ನಿಲ್ಲಿಸಿ, ಸಾರು ಕುದಿಯಿತೋ ನೋಡಲು ಅಡುಗೆಮನೆಗೆ ಎದ್ದು ಹೋಗುವರು. ನಾವು ಸುಮ್ಮನೆ ತಾಳ ಹಾಕುತ್ತಲೇ ಇರಬೇಕು. ಅವರು ಒಳಗೇ ಮನಸ್ಸಿನಲ್ಲಿ ಹಾಡು ನಡೆಸಿಕೊಂಡು, ಕೈ ಒರೆಸುತ್ತಾ ಬಂದು ಎಲ್ಲಿಂದಲೋ ಎತ್ತಿಕೊಳ್ಳುವರು. ಅವರ ಎತ್ತುಗಡೆಗೂ ನಮ್ಮ ಪೆಟ್ಟಿಗೂ ಕೂಡಿತೋ, ಸರಿ. ಕೂಡದಿದ್ದರೆ ಬೈಯುತ್ತಿರಲಿಲ್ಲ, ಆ ಜೋಡಿಯನ್ನು ಮೆಲ್ಲಗೆ ತೆಗೆದು ಪಕ್ಕದವಳ ಕೈಗೆ ಕೊಟ್ಟುಬಿಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿ ಅನಿಸುತ್ತಿತ್ತು.

ಇಷ್ಟು ನನ್ನ ವಿದ್ಯಾಭ್ಯಾಸ. ಈಗ ಮೊಕದ್ದಮೆಗೆ ಬರುತ್ತೇನೆ.

ನನ್ನ ಮೊಮ್ಮಗಳು ನಿಖಿಲಾ. ಆಗ ಹನ್ನೊಂದನೇ ಕ್ಲಾಸು. ಆರು ವರ್ಷದವಳಿದ್ದಾಗಿನಿಂದ ಅವಳಪ್ಪ, ಅಂದರೆ ನನ್ನ ಮಗ ಶ್ರೀಧರ, ಅವಳನ್ನು ಹಾಡುಗಾರಿಕೆಯ ಪಾಠಕ್ಕೆ ಕಳಿಸುತ್ತಿದ್ದ. ಒಂದು ದಿನ ಅವಳು ಪಾಠದ ಪುಸ್ತಕವನ್ನು ಊಟದ ಮೇಜಿನ ಮೇಲಿಟ್ಟು, ತನಗೆ ಹಾಡುವುದು ಬೇಡ, ಡ್ರಮ್ಸ್ ಕಲಿಯಬೇಕು, ಅಡ್ಯಾರಿನಲ್ಲಿ ಒಬ್ಬ ಮೇಷ್ಟರು ಮನೆಯಲ್ಲೇ ಕಲಿಸುತ್ತಾರೆ, ಶನಿವಾರ ಸಂಜೆ ಕ್ಲಾಸು ಎಂದು ಒಂದೇ ಉಸಿರಿಗೆ ಹೇಳಿದಳು. ಶ್ರೀಧರ ಮೊಸರನ್ನ ಕಲಸುವುದನ್ನು ನಿಲ್ಲಿಸಿದ.

"ಮೃದಂಗ ಆದ್ರೂ ಪರವಾಗಿಲ್ಲ ಅಂದುಕೋಬಹುದಿತ್ತು. ಇದೇನೇ ಇದು, ತಗಡು ಬಡಿಯೋದು?"

"ತಗಡು ಇಲ್ಲಪ್ಪಾ. ನೀ ಒರು ತಡವೆ ಕೇಟ್ಟು ಪಾರು, ಅಪ್ಪರಂ ಸೊಲ್ಲು" ಎಂದಳು. ನಾವು ಮನೆಯಲ್ಲಿ ಕನ್ನಡ ಮಾತಾಡಿದರೆ ಅವಳದು ತಮಿಳಿನಲ್ಲಿ ಉತ್ತರ. ಒಂದು ಸಲ ಕೇಳಿ ನೋಡು, ಆಮೇಲೆ ಹೇಳು ಎಂದು ಅದರರ್ಥ. ಹೇಳಿ, ಶಾಲೆಯ ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದಿಟ್ಟಳು. ಯಾವುದೋ ಹಳೆಯ ಇಂಗ್ಲಿಷ್ ಬ್ಯಾಂಡಿನವರು ಇಪ್ಪತ್ತು ವರ್ಷ ಹಾಡಿದ್ದರಲ್ಲಿ ಬಹಳ ಹೆಸರಾದ ಹದಿನಾರು ಹಾಡನ್ನು ಆರಿಸಿ ಕಂಪನಿಯವರು ಹಾಕಿದ ಕ್ಯಾಸೆಟ್ಟಂತೆ.

ಶ್ರೀಧರನಿಗೆ ಮಗಳಿಗೆ ಇಲ್ಲ ಎನ್ನುವುದು ಕಷ್ಟ. ಅಂಥ ಹೊತ್ತಿನಲ್ಲಿ ಅವನು ನನ್ನ ಹೆಗಲ ಮೇಲೆ ಬಂದೂಕು ಇಡುತ್ತಾನೆ. "ಆಯ್ತು. ಅಜ್ಜಿ ಕೇಳಲಿ. ಇದು ಸಂಗೀತ ಅಂತ ಅವಳು ಒಪ್ಪಿದ್ರೆ ನೀನು ಅಡ್ಯಾರಿಗೆ ಹೋಗು. ಒಪ್ಪದೆ ಹೋದ್ರೆ ಸೋಮವಾರದಿಂದ ಮತ್ತೆ ಹಾಡಿನ ಪಾಠ. ಭಾನುವಾರದೊಳಗೆ ತೀರ್ಮಾನ" ಎಂದ. ದೇವರನಾಮ ಬಿಟ್ಟು ಬೇರೇನೂ ತಿಳಿಯದ ಅಮ್ಮ ಏನು ಹೇಳುತ್ತಾಳೆಂಬುದು ಅವನಿಗೆ ಖಾತ್ರಿಯಿತ್ತು. ನಿಖಿಲಾಳಿಗೂ ಖಾತ್ರಿಯಿತ್ತು, ಅವಳ ಮುಖ ಇಷ್ಟಾಯಿತು. ನಿಜ ಹೇಳುವುದಾದರೆ ನನಗೂ ಖಾತ್ರಿಯಿತ್ತು.

ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ನಾಲ್ಕು ಜನ ನಿಂತಿದ್ದರು. ನಾಲ್ವರ ತಲೆಗೂ ಹುಟ್ಟಿದಾಗಿನಿಂದ ಎಣ್ಣೆ ಕಂಡಿಲ್ಲ. ಮೂವರಿಗೆ ಗಡ್ಡ, ನಾಲ್ಕನೆಯವನಿಗೆ ಬರುವ ಸೂಚನೆ. ಡ್ರಮ್ಮಿನವನು ಯಾರು ಎಂದು ಕೇಳಿದೆ. ಎಲ್ಲರಿಗಿಂತ ಹಿಂದೆ, ಅರ್ಧ ಮುಖ ಮಾತ್ರ ಕಾಣುವವನನ್ನು ತೋರಿಸಿದಳು. ನನಗೆ ತಕ್ಷಣ ಅವನ ಮೇಲೆ ಒಂದು ಬಂಧುತ್ವ ಹುಟ್ಟಿತು. ಇವನಿಗೂ ಸುಂಡಲ್ಲೇ ಗತಿ.

ಶುಕ್ರವಾರ ಮಧ್ಯಾಹ್ನ ಅವಳು ಶಾಲೆಯಿಂದ ಬಂದೊಡನೆ ವಿಚಾರಣೆ ಶುರುವಾಯಿತು. "ಅಜ್ಜಿ, ಫುಲ್ಲಾ ಕೇಳ್ಬೇಕು. ನಡುವಲ್ಲಿ ಎದ್ದು ಕುಕ್ಕರ್ ನೋಡೋಕೆ ಹೋಗ್ಬಾರ್ದು" ಎಂದಳು. ನನ್ನಿಂದ ಕೆಲಸ ಆಗಬೇಕಾದಾಗ ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ.

ಮೊದಲ ಹಾಡಿಗೆ ನಾನು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡೆ. ಎರಡನೆಯದಕ್ಕೆ ಒಂದು ಕೈ ತೆಗೆದೆ. ಮೂರನೆಯದು ಬೇರೆಯೇ ಇತ್ತು. ಒಂದೇ ಒಂದು ಗಿಟಾರು, ಅತ್ತು ಅತ್ತು ಸುಸ್ತಾದ ಮಗು ನಿದ್ದೆಗೆ ಜಾರುವ ಮುಂಚೆ ಬಿಕ್ಕುತ್ತದಲ್ಲ, ಹಾಗೆ. ಮಾತು ಒಂದೂ ತಿಳಿಯಲಿಲ್ಲ. ಆದರೆ ನಾನು ಮದರಾಸಿಗೆ ಬಂದಾಗ ತಮಿಳೂ ತಿಳಿಯುತ್ತಿರಲಿಲ್ಲ. ಒಂದು ವರ್ಷ ನಾನು ಈ ಊರನ್ನು ಬರೀ ದನಿಯಲ್ಲಿ ಓದಿದ್ದೇನೆ. ತರಕಾರಿಯವನು ಬೈಯುತ್ತಿದ್ದಾನೋ ನಗಿಸುತ್ತಿದ್ದಾನೋ, ಪಕ್ಕದ ಮನೆಯವಳು ಕರೆಯುತ್ತಿದ್ದಾಳೋ ಹೋಗು ಅನ್ನುತ್ತಿದ್ದಾಳೋ, ಎಲ್ಲ ದನಿಯಲ್ಲೇ. ಆ ಅಭ್ಯಾಸ ಈಗ ಕೈಹಿಡಿಯಿತು. ಈ ಹಾಡುವ ಗಡ್ಡದವನು ಯಾರನ್ನೋ ಕಳೆದುಕೊಂಡಿದ್ದಾನೆ, ತಪ್ಪು ಇವನದೇ, ಅದು ಇವನಿಗೆ ಗೊತ್ತು ಎಂದೆ. ನಿಖಿಲಾ ನನ್ನನ್ನೇ ನೋಡಿದಳು. "ಅಜ್ಜಿ, ಎಕ್ಸಾಕ್ಟಾ ಅದೇ" ಎಂದಳು.

ಐದನೆಯ ಹಾಡಿನ ಕೊನೆಯಲ್ಲಿ ನನ್ನಿಂದ ಒಂದು ತಪ್ಪಾಯಿತು. ನಮ್ಮ ಮಂಡಳಿಯಲ್ಲಿ ಹಾಡು ಮುಗಿಯಿತೆಂದರೆ ಮುಗಿಯಿತು. ಪಲ್ಲವಿಗೆ ಬಂದು ನಿಂತು, ಕಡೆಯ ಪೆಟ್ಟು ಝಣ್ ಎಂದು ನನ್ನದೇ. ಇಲ್ಲಿ ಹಾಡು ಭರದಿಂದ ನಡೆಯುತ್ತಿರುವಾಗಲೇ ಸಣ್ಣದಾಗುತ್ತಾ ಹೋಯಿತು. ಯಂತ್ರ ಕೆಟ್ಟಿತೆಂದು ನಾನು ಎದ್ದು ಟೇಪ್ ರೆಕಾರ್ಡರಿನ ತಲೆಗೆ ಎರಡು ಬಿಗಿದೆ. ಅದು ಬಾಯಿ ಮುಚ್ಚಿತು. ನಿಖಿಲಾ ನಗುತ್ತಾ ನೆಲಕ್ಕೆ ಬಿದ್ದಳು. ಅವರು ಬೇಕೆಂದೇ ಹಾಗೆ ಮಾಡುತ್ತಾರಂತೆ.

"ಹಾಗಾದ್ರೆ ಅವರು ಹಾಡು ಮುಗಿಸೋದು ಎಲ್ಲಿ?"

"ತೆರಿಯಾದು ಅಜ್ಜಿ. ಯಾರಿಗೂ ಗೊತ್ತಿಲ್ಲ."

ಅಂದರೆ ಅವರು ನಿಲ್ಲಿಸಲೇ ಇಲ್ಲ. ನಮ್ಮಿಂದ ದೂರ ನಡೆದುಹೋದರು, ಅಷ್ಟೇ. ಅರವತ್ತು ವರ್ಷ ಝಣ್ ಎಂದು ಮುಗಿಯುವುದನ್ನೇ ಕೇಳಿದವಳು ನಾನು. ಹಾಡನ್ನು ಹೀಗೂ ಬೀಳ್ಕೊಡಬಹುದೆಂದು ಯಾರು ಕಂಡಿದ್ದರು? ಆ ಸಂಜೆ ದೇವರಿಗೆ ದೀಪ ಹಚ್ಚುವಾಗಲೂ, ಎಲ್ಲೋ ಆ ನಾಲ್ವರು ಇನ್ನೂ ಬಾರಿಸುತ್ತಾ ಹೋಗುತ್ತಿದ್ದಾರೆ ಅನಿಸುತ್ತಿತ್ತು.

ಕೊಂಡಾಟವೇ ಆದರೆ ನ್ಯಾಯವಾಗುವುದಿಲ್ಲ. ನನಗೆ ಒಂದು ಆಕ್ಷೇಪಣೆಯೂ ಇತ್ತು. ಹದಿನಾರೂ ಒಳ್ಳೆಯ ಹಾಡೇ ಆದರೆ ಯಾವುದು ಒಳ್ಳೆಯದೆಂದು ತಿಳಿಯುವುದು ಹೇಗೆ? ಎಲೆಯ ತುಂಬ ಒಬ್ಬಟ್ಟು, ಲಾಡು, ಫೇಣಿ, ಚಿರೋಟಿ ಬಡಿಸಿ ಅನ್ನ ಸಾರು ಮರೆತವರ ಮದುವೆಯೂಟದ ಹಾಗಾಯಿತು. ಇವರು ಮಾಮೂಲಿ ದಿನಗಳಲ್ಲಿ ಏನು ಹಾಡುತ್ತಿದ್ದರು, ಅದೆಲ್ಲಿ ಎಂದು ಕೇಳಿದೆ. ಅದಕ್ಕೆ ಬೇರೆ ಹತ್ತು ಕ್ಯಾಸೆಟ್ಟು ಇವೆಯಂತೆ. ಆರಿಸಿದವರು ಯಾರು ಎಂದರೆ ಅದು ಅವಳಿಗೆ ತಿಳಿಯದು. ಯಾವುದೋ ಆಫೀಸಿನಲ್ಲಿ ಕೂತ ಮನುಷ್ಯ ಇಪ್ಪತ್ತು ವರ್ಷವನ್ನು ಜರಡಿ ಹಿಡಿದಿದ್ದಾನೆ. ಅವನಿಗೆ ತಾಳ ಹಾಕಲು ಬರುತ್ತಿತ್ತೋ ಇಲ್ಲವೋ, ದೇವರೇ ಬಲ್ಲ.

ಹನ್ನೊಂದನೆಯ ಹಾಡಿನ ಲೆಕ್ಕ ಮಾತ್ರ ಬೇರೆ. ಅಷ್ಟು ಹೊತ್ತೂ ನನ್ನ ಕೈ ತಾನಾಗಿ ತೊಡೆಯ ಮೇಲೆ ನಾಲ್ಕು ನಾಲ್ಕು ಎಣಿಸುತ್ತಿತ್ತು. ಇಲ್ಲಿ ನಾಲ್ಕು ಹಾಕಿದರೆ ಕೂಡಲಿಲ್ಲ. ಆರು ಹಾಕಿದೆ, ಒಂದು ಉಳಿಯಿತು. ಮತ್ತೆ ಎಣಿಸಿದೆ. ಏಳು. ಮೂರು ಮತ್ತು ನಾಲ್ಕು, ತಕಿಟ ತಕಧಿಮಿ. ನಮ್ಮ ಎಷ್ಟೋ ದೇವರನಾಮಗಳು ಈ ಏಳರ ಮೇಲೆಯೇ ಕುಂಟುತ್ತಾ ಸೊಗಸಾಗಿ ನಡೆಯುತ್ತವೆ. ಸೀತಮ್ಮನವರು ಇದನ್ನು ನನ್ನ ಕೈಗೆ ಹತ್ತಿಸಲು ಒಂದು ಇಡೀ ಚಳಿಗಾಲ ಒದ್ದಾಡಿದ್ದರು. ಎಣ್ಣೆ ಕಾಣದ ತಲೆಯವನು, ಚಿತ್ರದಲ್ಲಿ ಅರ್ಧ ಮುಖದವನು, ಸಮುದ್ರದಾಚೆ ಎಲ್ಲೋ ಕೂತು ನಮ್ಮ ಏಳನ್ನು ಎಣಿಸುತ್ತಿದ್ದಾನೆ. ಅವನಿಗೆ ಕಲಿಸಿದ ಸೀತಮ್ಮ ಯಾರೋ. ನನ್ನ ಕಣ್ಣಲ್ಲಿ ನೀರು ಬಂತು. ನಿಖಿಲಾ ಹೆದರಿ ಸದ್ದು ಕಡಿಮೆ ಮಾಡಿದಳು.

ಭಾನುವಾರ ಬೆಳಿಗ್ಗೆ ತೀರ್ಪಿನ ಹೊತ್ತು. ಶ್ರೀಧರ ಪೇಪರು ಹಿಡಿದು ಕುರ್ಚಿಯಲ್ಲಿ ಕೂತಿದ್ದ. ನಾನು ಕೊನೆಯದಾಗಿ ಒಂದು ಪರೀಕ್ಷೆ ಇಡಬೇಕು ಎಂದೆ. ಸೀತಮ್ಮನವರ ಪರೀಕ್ಷೆ. ಹನ್ನೊಂದನೆಯ ಹಾಡು ಹಾಕಿಸಿ, ಅದರ ಜೊತೆ ನನ್ನ ತಾಳ ಹಿಡಿದು, ಕೂಡಿದ ಮೇಲೆ ಟೇಪ್ ರೆಕಾರ್ಡರಿನ ಸದ್ದನ್ನು ಪೂರಾ ಇಳಿಸಿಬಿಟ್ಟೆ. ಟೇಪು ಒಳಗೆ ಓಡುತ್ತಿದೆ, ಕೇಳಿಸುವುದು ನನ್ನ ತಾಳ ಮಾತ್ರ. ಒಂದಿಷ್ಟು ಸುತ್ತು ಆದ ಮೇಲೆ ಸದ್ದು ಏರಿಸುವುದು. ನನ್ನ ಮೊದಲ ಪೆಟ್ಟಿಗೆ ಅವನ ಮೊದಲ ಪೆಟ್ಟು ಕೂಡಿದರೆ ಅವನು ತಾಳದವನು. ಇಲ್ಲದಿದ್ದರೆ ತಗಡಿನವನು.

ನಾಲ್ಕು ಸುತ್ತು ಆಗಿತ್ತೋ ಇಲ್ಲವೋ, ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು. ನನ್ನ ಕೈ ತಾಳ ಬಿಟ್ಟು ಸೆರಗು ಹಿಡಿಯಿತು, ಕಾಲು ಓಡಿತು. ಒಲೆ ಆರಿಸಿ, ಹಾಲನ್ನು ಇಳಿಸಿ, ಆಮೇಲೆ ನೆನಪಾಯಿತು. ಎಣಿಕೆ ಎಲ್ಲಿಗೆ ಬಂದಿತ್ತೆಂಬುದು ಹೊರಟೇ ಹೋಗಿತ್ತು. ನಲವತ್ತೈದು ವರ್ಷದಲ್ಲಿ ಮೊದಲ ಸಲ. ಸೀತಮ್ಮನವರು ಇದ್ದಿದ್ದರೆ ಮೆಲ್ಲಗೆ ನನ್ನ ಕೈಯಿಂದ ಜೋಡಿಯನ್ನು ತೆಗೆದುಕೊಳ್ಳುತ್ತಿದ್ದರು.

ಹೊರಗೆ ಬಂದರೆ ನಿಖಿಲಾ ಕಣ್ಣು ಮುಚ್ಚಿ ನೆಲದ ಮೇಲೆ ಕೂತಿದ್ದಳು. ಬಲಗೈ ಗೆಣ್ಣು ಕುರ್ಚಿಯ ಕಾಲಿನ ಮೇಲೆ, ಎಡಗೈ ತೊಡೆಯ ಮೇಲೆ, ಒಂದು ಹಿಮ್ಮಡಿ ನೆಲದ ಮೇಲೆ. ತಕಿಟ ತಕಧಿಮಿ, ತಕಿಟ ತಕಧಿಮಿ. ಟೇಪು ಓಡುತ್ತಿತ್ತು, ಸದ್ದಿಲ್ಲ. ಶ್ರೀಧರ ಪೇಪರು ಇಳಿಸಿ ನೋಡುತ್ತಿದ್ದ. ನಾನು ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಿರಿಸಿದೆ. ಇನ್ನೆರಡು ಸುತ್ತು ಬಿಟ್ಟು ಸದ್ದು ಏರಿಸಿದೆ. ಅವಳ ಹಿಮ್ಮಡಿ ನೆಲಕ್ಕೆ ಬಿತ್ತು, ಅವನ ಡ್ರಮ್ಮು ಧಡ್ ಎಂದಿತು. ಎರಡೂ ಒಂದೇ ಪೆಟ್ಟು.

ಶ್ರೀಧರನೇ ಮೊದಲು ಬಾಯಿಬಿಟ್ಟ. "ಅದೇನ್ ಮಹಾ. ಆ ಹಾಡು ಅವಳಿಗೆ ಬಾಯಿಪಾಠ."

"ಬಾಯಿಪಾಠ ಆಗಿರೋದು ಹಾಡು ಕಣೋ. ಹಾಡೇ ಇಲ್ಲದಾಗ ನಡೀತಲ್ಲ, ಅದೇನು? ನೀನು ಮಾಡಿ ತೋರಿಸು."

ಪಾಪ, ಅವನು ಪ್ರಯತ್ನಪಟ್ಟ. ಪೇಪರು ಮಡಿಚಿ, ಗಂಭೀರವಾಗಿ ಚಪ್ಪಾಳೆ ತಟ್ಟಿದ. ಸದ್ದು ಏರಿಸಿದಾಗ ಹಾಡು ಒಂದು ಕಡೆ, ಇವನು ಒಂದು ಕಡೆ. ನಿಖಿಲಾ ನಗಲಿಲ್ಲ. ಅದಕ್ಕೇ ನನಗೆ ಅವಳ ಮೇಲೆ ಇನ್ನಷ್ಟು ಮಮತೆ ಬಂತು.

"ನಿನ್ನ ಮಗ ತಾನೇ ನಾನು? ನನಗ್ಯಾಕೆ ಬರ್ಲಿಲ್ಲ?" ಎಂದ ಶ್ರೀಧರ.

"ನಿನ್ನದು ನಿಮ್ಮಪ್ಪನ ಕೈ. ಅವರು ಭಜನೆಗೆ ಬಂದು ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ರೆ ಸೀತಮ್ಮನವರು ಪ್ರಸಾದ ಮೊದಲೇ ಕೊಟ್ಟು ಕಳಿಸಿಬಿಡೋರು."

ಅವನಿಗೆ ನಗು ಬಂತು. ನಗು ಬಂದಮೇಲೆ ಅವನು ಸೋತಂತೆಯೇ, ಚಿಕ್ಕಂದಿನಿಂದಲೂ. "ಸರಿ, ತೀರ್ಪು ಹೇಳಮ್ಮ" ಎಂದ. ಕ್ಯಾಸೆಟ್ಟಿಗೆ ಹದಿನಾರಕ್ಕೆ ಹನ್ನೆರಡು ಕೊಡುತ್ತೇನೆ, ಕಿವಿಗೆ ಹಿಡಿಸದ ನಾಲ್ಕನ್ನು ಕಳೆದು, ಎಂದೆ. ಪರೀಕ್ಷೆ ಇಟ್ಟದ್ದು ಡ್ರಮ್ಮಿನ ಗಡ್ಡದವನಿಗೆ, ಅವನೂ ಪಾಸು. ಆದರೆ ನನ್ನ ಎಣಿಕೆ ತಪ್ಪಿದಾಗ ಅದನ್ನು ಹಿಡಿದುಕೊಂಡವಳು ಈ ಮನೆಯಲ್ಲಿ ಒಬ್ಬಳಿದ್ದಾಳೆ, ಇಷ್ಟು ವರ್ಷ ನನಗೇ ತಿಳಿದಿರಲಿಲ್ಲ ಎಂದೆ. ಅವಳು ಅಡ್ಯಾರಿಗೆ ಹೋಗಲಿ, ಅದೇ ತೀರ್ಪು.

ಮುಂದಿನ ಶನಿವಾರ ಅವಳ ಜೊತೆ ಅಡ್ಯಾರಿಗೆ ನಾನೇ ಹೋದೆ. ಮೇಷ್ಟರ ಮನೆಯ ಹಿಂದಿನ ಕೋಣೆಯಲ್ಲಿ ಡ್ರಮ್ಮುಗಳು ದೊಡ್ಡ ಕುಟುಂಬದ ಫೋಟೋದಲ್ಲಿ ಕೂತ ಹಾಗೆ ಹಿರಿಯವು ಕಿರಿಯವು ಎಲ್ಲ ಕೂಡಿ ಕೂತಿದ್ದವು. ನಿಖಿಲಾಳ ಕಣ್ಣು ಅರಳಿತು. ಮೇಷ್ಟರು ಅದರ ಹತ್ತಿರವೂ ಬಿಡಲಿಲ್ಲ. ಒಂದು ರಬ್ಬರಿನ ಬಿಲ್ಲೆಯನ್ನು ಸ್ಟೂಲಿನ ಮೇಲಿಟ್ಟು, ಎರಡು ಕೋಲು ಕೊಟ್ಟು, ಒನ್ ಟೂ ತ್ರೀ ಫೋರ್ ಎಂದರು. ಒಂದು ಗಂಟೆ ಅಷ್ಟೇ. ಹೊರಡುವಾಗ, "ಮೂಣು ಮಾಸಂ ಇದೇ ದಾನ್, ಪಾಟಿ" ಎಂದು ನನಗೆ ಹೇಳಿದರು. ಮೂರು ತಿಂಗಳು ಇದೇ, ಅಜ್ಜಿ ಎಂದು ಅರ್ಥ. ನಾನು ಅವರಿಗೆ ಕೈ ಮುಗಿದೆ. ಸರಿಯಾದ ಜಾಗಕ್ಕೆ ಬಂದಿದ್ದೆವು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಮುಖ ಊದಿಸಿಕೊಂಡು ಕೂತಳು. "ಒರೇ ಬೋರು ಅಜ್ಜಿ. ಬರೀ ಒನ್ ಟೂ ತ್ರೀ ಫೋರ್. ಏಳು ಯಾವಾಗ?"

ಆ ಡ್ರಮ್ಮಿನ ಗಡ್ಡದವನೂ ಎಷ್ಟು ತಿಂಗಳು ಹೀಗೆ ಕೂತಿದ್ದನೋ. ಅವನ ಇಪ್ಪತ್ತು ವರ್ಷವನ್ನು ಜರಡಿ ಹಿಡಿದ ಕಂಪನಿಯವರು ಆ ತಿಂಗಳುಗಳ ಒಂದು ಪೆಟ್ಟನ್ನೂ ಕ್ಯಾಸೆಟ್ಟಿಗೆ ಹಾಕಿಲ್ಲ. ಹಾಕಿದ್ದರೆ ಕೊಳ್ಳುವವರೂ ಇರುತ್ತಿರಲಿಲ್ಲ, ನಾನೊಬ್ಬಳನ್ನು ಬಿಟ್ಟು.

ಸೇತುವೆ ದಾಟಿದ ಮೇಲೆ ನೋಡುತ್ತೇನೆ, ಅವಳ ಮುಖ ಇನ್ನೂ ಊದಿಕೊಂಡೇ ಇದೆ, ಕಿಟಕಿಯ ಸರಳಿನ ಮೇಲೆ ಬೆರಳು ಮಾತ್ರ ಒಂದು, ಎರಡು, ಮೂರು, ನಾಲ್ಕು. ನಾನು ತಕ್ಷಣ ಕತ್ತು ತಿರುಗಿಸಿ, ಎದುರು ಸೀಟಿನವಳ ಬುಟ್ಟಿಯಲ್ಲಿದ್ದ ಬದನೆಕಾಯಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ನಾವು ನೋಡಿದ್ದು ಗೊತ್ತಾದರೆ ಈ ವಯಸ್ಸಿನವರು ನಿಲ್ಲಿಸಿಬಿಡುತ್ತಾರೆ.