ತಾನೇ ನಿಂತ ಕೌದಿ

ಬಳ್ಳಾರಿಯಲ್ಲಿ ಚಳಿಗಾಲ ಇದೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಡಿಸೆಂಬರಿನ ಬೆಳಗಿನ ಜಾವ ನಮ್ಮ ತೊಟ್ಟಿಯ ನೀರಿಗೆ ಕೈ ಅದ್ದಿ, ಆಮೇಲೆ ನಗಲಿ. ವರ್ಷವಿಡೀ ಬಿಸಿಲಿಗೆ ಬೈಯುವ ನಾವು ಈ ಎರಡು ತಿಂಗಳು ಅದನ್ನೇ ಹುಡುಕಿಕೊಂಡು ಮಾಳಿಗೆ ಹತ್ತುತ್ತೇವೆ.

ಮೂವತ್ತು ವರ್ಷ ಜೀನ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದವನು ನಾನು. ಕೆಲಸ ಬಿಟ್ಟ ಮೇಲಿನ ಮೊದಲ ಚಳಿಗಾಲದಲ್ಲಿ, ಇನ್ನು ಯಾವುದಕ್ಕೂ ಅವಸರ ಮಾಡುವುದಿಲ್ಲ ಎಂದು ಮನೆಯಲ್ಲಿ ಕೂತೆ. ಬಿಸಿಲು ಸರಿದಂತೆ ಚಾಪೆ ಸರಿಸುವುದು, ಹಸಿ ಕಡಲೆ ಸುಲಿಯುವುದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನುವುದು. ನಾಲ್ಕನೇ ದಿನಕ್ಕೆ ಹೆಂಡತಿಯ ಒಗ್ಗರಣೆಯಲ್ಲಿ ತಪ್ಪು ಹುಡುಕತೊಡಗಿದೆ.

"ಕೈಗೊಂದು ಕೆಲಸ ಹುಡುಕ್ಕೊಳ್ರಿ. ಇಲ್ಲಂದ್ರ ನಾ ಸಿರುಗುಪ್ಪಕ್ಕ ಹೋಗಿ ಮಗಳ ಮನಿಯಾಗ ಇರ್ತೀನಿ," ಎಂದಳು.

ಆ ಮಗಳೇ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬರುವವಳಿದ್ದಳು. ಸರಿ, ಹುಟ್ಟುವ ಕೂಸಿಗೆ ಹಾಸಿ ಹೊದಿಸಲು ಕೌದಿ ಹೊಲಿಯುತ್ತೇನೆ ಎಂದೆ. ಅಜ್ಜಿಗೆ ಅರಿವೆ ಚಿಂತೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಅಜ್ಜನಿಗೆ ಹತ್ತಿತು.

ನಮ್ಮಲ್ಲಿ ಕೂಸಿನ ಮೊದಲ ಕೌದಿ ಹಿರಿಯರ ಹಳೆಯ ಸೀರೆಯದೇ ಆಗಬೇಕು. ಒಗೆದೊಗೆದು ಮೆತ್ತಗಾಗಿರಬೇಕು. ತೀರಿಹೋದ ಅವ್ವನದು ಉಳಿದದ್ದು ಒಂದೇ ನೂಲಿನ ಸೀರೆ, ಅದು ಕುರುಗೋಡಿನಲ್ಲಿರುವ ಅಕ್ಕನ ಟ್ರಂಕಿನಲ್ಲಿತ್ತು. ಆ ಸೀರೆ ಯಾರಿಗೆ ಎಂದು ಜಗಳವಾಡಿ ನಾವಿಬ್ಬರೂ ಮೂರು ವರ್ಷದಿಂದ ಮಾತು ಬಿಟ್ಟಿದ್ದೆವು. ಹೋಗಿ ಕೇಳಿದ್ದರೆ ಆಗುತ್ತಿತ್ತು. ಆದರೆ ಕೇಳಿದರೆ ನಾನು ಸೋತೆನಲ್ಲ! ಬಳ್ಳಾರಿಯಲ್ಲಿ ಬಟ್ಟೆಗೆ ಬರವೇ ಎಂದುಕೊಂಡು, ಹಳೆಯ ಕಾರ್ಖಾನೆಯಿಂದ ಒಂದು ಮೂಟೆ ಹೊಸ ಜೀನ್ಸ್ ತುಂಡು ಹೊತ್ತು ತಂದು ಮಾಳಿಗೆಯ ಮೇಲೆ ಸುರಿದೆ.

"ಇದು ಕೂಸಿಗೇನ್ರಿ?" ಎಂದಳು ಹೆಂಡತಿ.

"ಗಟ್ಟಿ ಇರ್ತೈತಿ. ಅದರ ಮೊಮ್ಮಕ್ಕಳ ತನಕ ಬಾಳ್ತೈತಿ."

ಮಷೀನಿನಲ್ಲಿ ಹೊಲಿದರೆ ಅದು ಕೌದಿಯಲ್ಲ. ಐದು ಪದರ ಹಾಸಿ ಕೈಯಲ್ಲೇ ದಾರ ಓಡಿಸಿದೆ. ಮೊದಲ ವಾರ ಹನ್ನೊಂದು ಸೂಜಿ ಮುರಿದವು. ಆಮೇಲೆ ಗೋಣಿಚೀಲ ಹೊಲಿಯುವ ದಬ್ಬಣ ಹಿಡಿದೆ. ಅಷ್ಟರಲ್ಲಿ ಮಗಳು ಬಂದಳು. ದಿನಾ ನನ್ನ ಎದುರು ಬಿಸಿಲಿಗೆ ಕೂತು ನೋಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಒಂದು ತಿಂಗಳಿಗೆ ಕೌದಿ ಮುಗಿಯಿತು. ಎತ್ತಿ ಗೋಡೆಗೆ ಆನಿಸಲು ಹೋದೆ, ಕೈ ಜಾರಿತು. ಕೌದಿ ಬೀಳಲಿಲ್ಲ. ಮಾಳಿಗೆಯ ನಡುವೆ ತಾನೇ ನಿಂತಿತು.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋವು ಬಂತೇನೋ ಎಂದು ನಾವು ಗಾಬರಿಯಾದೆವು.

"ಬಚ್ಚಲಮನಿಗೆ ಬಾಗಿಲ ಸರಿ ಇಲ್ಲ, ಅಲ್ಲಿ ಹಾಕ್ರಿ ಇದನ್ನ," ಎಂದಳು ಹೆಂಡತಿ.

ಸಂಕ್ರಾಂತಿಗೆ ವಾರವಿರುವಾಗ ಹೆಣ್ಣು ಕೂಸು ಹುಟ್ಟಿತು. ನನಗಿನ್ನೂ ಹಟ. ಯಾರೂ ಇಲ್ಲದಾಗ ಕೌದಿಯ ಅಂಚನ್ನು ಕೂಸಿನ ಕೆನ್ನೆಗೆ ಸ್ವಲ್ಪವೇ ತಾಗಿಸಿದೆ. ಕೆನ್ನೆ ಕೆಂಪಾಯಿತು, ಕೂಸು ಚೀರಿತು. ನನಗೆ ನನ್ನ ಮೇಲೆ ಅಸಹ್ಯವಾಯಿತು. ಮರುದಿನ ಬೆಳಿಗ್ಗೆ ಕೌದಿಯನ್ನು ಸುತ್ತಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ.

ಅಕ್ಕ ಬಾಗಿಲಲ್ಲೇ ಸಜ್ಜೆ ಹಸನು ಮಾಡುತ್ತಾ ಕೂತಿದ್ದಳು. ತಲೆ ಎತ್ತಿ ನೋಡಿದಳು, ಮತ್ತೆ ಮೊರ ಆಡಿಸಿದಳು. ಕೌದಿಯನ್ನು ಅವಳ ಮುಂದೆ ಇಟ್ಟೆ. ಒಂದು ಕೈಯಲ್ಲಿ ಎತ್ತಲು ನೋಡಿದಳು, ಆಗಲಿಲ್ಲ. ಎರಡೂ ಕೈ ಹಾಕಿದಳು.

"ಲೇ ತಮ್ಮಾ, ಇದನ್ನ ಕೂಸಿಗೆ ಹೊಚ್ಚಾಕ ಹೊಲಿದ್ಯೋ, ಹುಗ್ಯಾಕ ಹೊಲಿದ್ಯೋ?"

"ಅವ್ವನ ಸೀರಿ ಕೊಡಕ್ಕಾ," ಎಂದೆ. ಮೂರು ವರ್ಷದಲ್ಲಿ ನಾನು ಅವಳಿಗೆ ಆಡಿದ ಮೊದಲ ಮಾತು ಅದು.

ಅಕ್ಕ ಟ್ರಂಕು ತೆರೆದಳು. ಸೀರೆ ಇರಲಿಲ್ಲ. ಅದರ ಜಾಗದಲ್ಲಿ ಸಣ್ಣದೊಂದು ಕೌದಿ ಇತ್ತು. ಅವ್ವನ ಸೀರೆಯ ಹಸಿರು, ಅದರದೇ ಕೆಂಪು ಅಂಚು.

"ನಿನ್ನ ಮಗಳು ಬಸರಿ ಅಂತ ಸುದ್ದಿ ಬಂದ ದಿನಾನ ಕತ್ತರಿಸಿದೆ. ನೀ ಇವತ್ತು ಬರ್ತಿ, ನಾಳಿ ಬರ್ತಿ ಅಂತ ಕಾದೆ. ಒಂದು ಮೂಲಿ ಹಂಗ ಬಿಟ್ಟೀನಿ, ನೋಡು."

ಕೌದಿಯ ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಗೆ ಮುಚ್ಚುವುದು ನಮ್ಮ ಪದ್ಧತಿ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆ ತಣ್ಣಗಿರುತ್ತದೆಯಂತೆ. ಆ ಚೂರನ್ನು ಕೂಸಿನ ಮನೆಯವರೇ ಇಡಬೇಕು. ನಾನು ಅಲ್ಲೇ ಅತ್ತುಬಿಟ್ಟೆ. ಅಕ್ಕ ಮೂಗು ಒರೆಸಿಕೊಂಡು, "ಮದ್ಲ ಬಂದಿದ್ರ ನಿನ್ನ ಹನ್ನೆರಡು ಸೂಜಿ ಉಳೀತಿದ್ವು," ಎಂದಳು. ಹನ್ನೊಂದು ಎಂದು ತಿದ್ದಿದೆ. ಸೂಜಿಯ ಸುದ್ದಿ ಅವಳಿಗೆ ಹೇಳಿದವಳು ಯಾರೆಂದು ಕೇಳಲಿಲ್ಲ; ಈ ಕೌದಿಯ ಗುಟ್ಟು ಗೊತ್ತಿದ್ದೇ ಮಗಳು ಅಷ್ಟು ದಿನ ಸುಮ್ಮನೆ ಕೂತಿದ್ದಳೆಂದು ಆಗ ತಿಳಿಯಿತು.

ನನ್ನ ಜೀನ್ಸ್ ಕೌದಿ ಕುರುಗೋಡಿನಲ್ಲೇ ಉಳಿಯಿತು. ಗಾಳಿಗೆ ಬಾಗಿಲು ಬಡಿಯದಂತೆ ಅಕ್ಕ ಅದನ್ನು ಒತ್ತಿಗೆ ಇಟ್ಟಳು. ಅಂದೇ ನನ್ನ ಜೊತೆ ಬಸ್ಸು ಹತ್ತಿ ಬಂದಳು. ಮಾಳಿಗೆಯ ಬಿಸಿಲಲ್ಲಿ ಕೂತು ನಾನು ರೊಟ್ಟಿಯ ಚೂರು ಇಟ್ಟೆ, ಮೂಲೆ ಹೊಲಿದೆ. ಸೂಜಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಕೂಸನ್ನು ಅದರ ಮೇಲೆ ಮಲಗಿಸಿದ್ದೇ ತಡ, ಉಚ್ಚೆ ಹೊಯ್ದಿತು.

ಮೂರು ವರ್ಷ ಯಾರೂ ಮುಟ್ಟದಂತೆ ಕಾದಿಟ್ಟ ಸೀರೆ! ನಾನು ಅಕ್ಕನ ಮುಖ ನೋಡಿದೆ.

"ಬಿಡು," ಎಂದಳು ಅಕ್ಕ. "ಸಣ್ಣಾಂವ ಇದ್ದಾಗ ನೀನೂ ಅವ್ವನ ಸೀರಿ ಹಿಂಗ ತೋಯಿಸ್ತಿದ್ದಿ. ಇದು ನಿನ್ನ ಮೊಮ್ಮಗಳು ಅಂತ ಅವ್ವಗ ಈಗ ಗುರುತು ಸಿಕ್ಕಿರ್ತೈತಿ."