ಕಡವಿನ ಮನೆಯ ಗೋಡೆ

2007ರ ಆಗಸ್ಟ್‌ನಲ್ಲಿ, ಶೃಂಗೇರಿ ಮತ್ತು ಕೊಪ್ಪದ ನಡುವೆ, ದೋಣಿಯಲ್ಲಿ ಹೊಳೆ ದಾಟುವ ಕಡವಿನ ಪಕ್ಕದ ಮನೆಯೊಂದಕ್ಕೆ ತುಂಗೆಯ ನೀರು ನುಗ್ಗಿತು. ದೋಣಿ ನಡೆಸುತ್ತಿದ್ದವನು ತೀರಿಕೊಂಡ ಮೇಲೆ ಅಲ್ಲಿ ಅವನ ಹೆಂಡತಿ ಮತ್ತು ಮಗಳು ಇದ್ದರು. ಇಬ್ಬರೂ ಗುಡ್ಡ ಹತ್ತಿ ಶಾಲೆಯ ಜಗಲಿ ಸೇರಿದರು. ಮೂರನೇ ದಿನ ನೀರು ಇಳಿಯಿತು.

ಆಗ ನಾನು ಕೊಪ್ಪದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಕೆಲವು ದಿನ ಬಿಟ್ಟು ತಾಲ್ಲೂಕು ಕಚೇರಿಗೆ ಒಂದು ನೆರೆ ನಕ್ಷೆ ಬಂತು. ಉಪಗ್ರಹದ ರೇಡಾರ್ ಚಿತ್ರದಿಂದ ಮಾಡಿದ್ದು, ಮೋಡ ಕವಿದಿದ್ದರೂ ಅದಕ್ಕೆ ನೆಲದ ಮೇಲಿನ ನೀರು ಕಾಣುತ್ತದೆ ಎಂದು ತಂದ ಎಂಜಿನಿಯರ್ ವಿವರಿಸಿದರು. ನೀರು ನಿಂತಲ್ಲಿ ನೀಲಿ, ಉಳಿದ ಕಡೆ ಬಿಳಿ. ಯಾವ ಮನೆಗಳವರಿಗೆ ಎತ್ತರದಲ್ಲಿ ನಿವೇಶನ ಕೊಡಬೇಕೆಂಬ ಪಟ್ಟಿ ಈ ನಕ್ಷೆಯ ಮೇಲೆ ತಯಾರಾಗಬೇಕಿತ್ತು.

ಮೇಲಿನ ಗದ್ದೆಗಳು ನೀಲಿಯಾಗಿದ್ದವು, ಕಡವಿನ ಜಾಗ ಬಿಳಿಯಾಗಿತ್ತು. "ಮೇಲಿನ ಗದ್ದೆಗಳಿಗೆ ನೆರೆ ಬಂದಿದೆ, ಕಡವಿನ ಬಳಿ ನೀರು ನುಗ್ಗಿಲ್ಲ" ಎಂದು ನಾನು ಬರೆದೆ. ಹೋಗಿ ನೋಡಿರಲಿಲ್ಲ.

ವರದಿ ಅಚ್ಚಾದ ಬೆಳಿಗ್ಗೆ ಹೋಟೆಲಿನಲ್ಲಿ, ಆ ಕಡೆಯ ಗದ್ದೆ ಯಜಮಾನರೊಬ್ಬರು ಪತ್ರಿಕೆ ಹಿಡಿದುಕೊಂಡೇ ಕೂತಿದ್ದರು.

"ಎಂತ ಮಾರಾಯ, ನಮ್ಮ ಮೇಲಿನ ಗದ್ದೆಗೂ ನೆರೆ ಬಂದಿದ್ಯಂತಲ್ಲ! ನಾಟಿಗೆ ಅಂತ ನಾನೇ ನೀರು ಕಟ್ಟಿದ್ದು. ಹೊಳೆ ಗುಡ್ಡ ಹತ್ತುತ್ತಾ? ಆ ಉಪಗ್ರಹಕ್ಕೆ ಮಳೆಗೆ ಹೊದೆಯೋಕೆ ಒಂದು ಕಂಬಳಿಕೊಪ್ಪೆ ಕೊಟ್ಟು ಕೆಳಗಿಳಿಸು, ಗದ್ದೆ ಅಂಚಿನ ಮೇಲೆ ನಡೆದು ನೋಡ್ಲಿ."

ಸುತ್ತಲಿದ್ದವರು ನಕ್ಕರು. ಯಜಮಾನರು ಲೋಟ ಕೆಳಗಿಟ್ಟು ದನಿ ತಗ್ಗಿಸಿದರು.

"ದೋಣಿಯವನ ಹೆಂಡ್ತಿ ಮನೆಯೊಳಗೆ ಕಿಟಕಿ ಮಟ್ಟಕ್ಕೆ ನೀರು ನಿಂತಿತ್ತು. ಅಲ್ಲಿಗೆ ಬಂದೇ ಇಲ್ಲ ಅಂತ ಬರ್ದಿದ್ದೀಯ."

ಎಂಜಿನಿಯರಿಗೆ ಫೋನ್ ಮಾಡಿದೆ. ನಾಟಿ ಗದ್ದೆಯ ನೀರೂ ನೆರೆಯ ನೀರೂ ಚಿತ್ರದಲ್ಲಿ ಒಂದೇ ಥರ ಕಾಣುತ್ತವೆ ಎಂದರು. ಕಡವಿನ ಮನೆ ದಟ್ಟ ಮರಗಳ ಅಡಿಯಲ್ಲಿತ್ತು. "ಎಲೆಯ ಮರೆಯಲ್ಲಿದ್ದದ್ದು ನಮಗೆ ಸಿಗಲ್ಲ. ಬಿಳಿ ಅಂದ್ರೆ ನೀರಿಲ್ಲ ಅಂತಲ್ಲ, ಕಾಣಲಿಲ್ಲ ಅಂತ. ಸ್ಥಳ ಪರಿಶೀಲನೆ ಆಗ್ಲೇಬೇಕು."

ಪರಿಶೀಲನೆಗೆ ಹೊರಟ ಸರ್ವೆಯರ್ ಜೊತೆ ನಾನೂ ಹೋದೆ. ಮನೆಯ ಗೋಡೆಗಳಿಗೆಲ್ಲ ಹೊಸದಾಗಿ ಕೆಮ್ಮಣ್ಣು ಬಳಿದಿತ್ತು. ನೆಲ ಸಾರಿಸಿತ್ತು. ಹೊಸಿಲ ಮುಂದೆ ರಂಗೋಲಿ ಇತ್ತು. ಸರ್ವೆಯರ್ ಟೇಪ್ ಹಿಡಿದು ಒಳಗೂ ಹೊರಗೂ ಸುತ್ತಿದರು.

"ನೀರು ಬಂದ ಗುರುತೆಲ್ಲಿ ಅಮ್ಮ?"

"ಗುರುತು ಇಟ್ಕಳ್ತಾರಾ ಸಾರ್?" ಎಂದಳು ದೋಣಿಯವನ ಹೆಂಡತಿ. "ತುಂಗೆ ತಾಯಿ ಮನೆಗೆ ಬಂದ್ಲು, ಅರಿಸಿನ ಕುಂಕುಮ ಕೊಟ್ಟು ಕಳ್ಸಿದ್ವಿ. ಅದೇ ದಿನ ಬಳ್ದು ಸಾರಿಸ್ಬೇಕು. ಕೆಸರು ಹಂಗೇ ಬಿಟ್ರೆ ಮತ್ತೆ ಬಾ ಅಂತ ಕರೆದಂಗೆ."

"ಇಷ್ಟು ಚಂದ ಬಳಿದಿಟ್ರೆ ನಾನು ಎಂತ ಬರೀಲಿ?"

"ಮನೆ ಚೊಕ್ಕಟ ಇಟ್ಟಿದ್ದು ತಪ್ಪಾಯ್ತಾ ಸಾರ್?"

ಸರ್ವೆಯರ್ ಟೇಪ್ ಸುತ್ತಿಟ್ಟರು. "ನೀರಿನ ಗುರುತು ಕಂಡುಬಂದಿಲ್ಲ" ಎಂದು ಬರೆದುಕೊಂಡರು. ಗುರುತಿಲ್ಲದೆ ಬಾಯಿಮಾತು ನಡೆಯುವುದಿಲ್ಲ ಎಂದು ದಾರಿಯಲ್ಲಿ ನನಗೆ ಹೇಳಿದರು. ಕಡತದಲ್ಲಿ ನನ್ನ ವರದಿಯ ತುಣುಕೂ ಇತ್ತು.

ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅದನ್ನು ಕತ್ತರಿಸಿ ಕಚೇರಿಗೆ ಕೊಟ್ಟೆ. ಅಷ್ಟರಲ್ಲಿ ನಿವೇಶನದ ಪಟ್ಟಿ ಮೇಲಿನ ಕಚೇರಿಗೆ ಹೋಗಿತ್ತು. ಅದರಲ್ಲಿ ಆಕೆಯ ಹೆಸರಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ನೀರು ಮತ್ತೆ ಬಂತು. ಈ ಸಲ ಅದು ಇಳಿದ ಎರಡನೇ ದಿನವೇ ಹೋದೆ. ಆಕೆ ಮೂರು ಗೋಡೆಗಳಿಗೆ ಕೆಮ್ಮಣ್ಣು ಬಳಿದಿದ್ದಳು. ಅಡುಗೆಮನೆಯ ಗೋಡೆ ಹಾಗೇ ಇತ್ತು. ಕಿಟಕಿಯ ಕೆಳಗೆ ಕೆಸರಿನ ಗೆರೆ ಉದ್ದಕ್ಕೂ ಕಾಣುತ್ತಿತ್ತು.

"ಮಗಳು ಬೈತಾಳೆ, ಕರೆದಂಗಾಗ್ತದೆ ಅಂತ," ಎಂದಳು. "ನನಗೂ ಹೆದ್ರಿಕೆನೇ. ಆದ್ರೂ ಸರ್ವೆಯವ್ರು ಬಂದು ನೋಡೋವರೆಗೆ ಬಿಡ್ತೀನಿ."

ನಿವೇಶನಕ್ಕಾಗಿ ಆಕೆಯ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಆ ವರ್ಷದ ನಕ್ಷೆಯಲ್ಲಿ ಕಡವಿನ ಜಾಗ ಬಿಳಿಯಾಗಿರಲಿಲ್ಲ, ಬೂದು ಬಣ್ಣದಲ್ಲಿತ್ತು. ಮರಗಳ ಮರೆ, ನೀರಿನ ಸ್ಥಿತಿ ತಿಳಿದಿಲ್ಲ ಎಂದು ಅಂಚಿನಲ್ಲಿ ಅದರ ವಿವರಣೆ ಇತ್ತು.

2008ರ ದೀಪಾವಳಿಯ ಹೊತ್ತಿಗೆ ಅರ್ಜಿ ಕಚೇರಿಯಲ್ಲೇ ಇತ್ತು. ಸರ್ವೆಯರ್ ಬಂದಿರಲಿಲ್ಲ. ಅಡುಗೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದಿರಲಿಲ್ಲ.